ಮದುವೆಗೆ ಮುಂಚಿನ ಹಲ್ಲು

ತಮ್ಮನ ಬ್ಯಾಟು ತಗುಲಿ ನನ್ನ ಮುಂದಿನ ಹಲ್ಲೊಂದು ಬಿದ್ದು ಇಪ್ಪತ್ತಾರು ವರ್ಷವಾಗಿತ್ತು. ಅಂದಿನಿಂದ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಈ ವರ್ಷ ಹೊಸ ಹಲ್ಲು ಕಟ್ಟಿಸಿಕೊಳ್ಳಲು ಹೊರಟು, ಗಂಡನ ಕಚೇರಿಯವರು ಮಾಡಿಸಿದ್ದ ವಿಮೆಗೆ ಅರ್ಜಿ ಹಾಕಿದಾಗ ಕಂಪನಿಯಿಂದ ಪತ್ರ ಬಂತು: ಪಾಲಿಸಿ ಶುರುವಾಗುವ ಮೊದಲೇ ಬಿದ್ದ ಹಲ್ಲಿಗೆ ಹಣ ಕೊಡುವುದಿಲ್ಲ.

ಗಂಡ ಪತ್ರವನ್ನು ಎರಡು ಸಲ ಓದಿದರು. "ಸರಿಯಾಗೇ ಇದೆ. ಮದುವೆಗೂ ಮುಂಚೆ ಬಿದ್ದಿದ್ದು. ನಿನ್ನ ತಮ್ಮನ್ನ ಕೇಳು."

ತಮ್ಮನಿಗೆ ಫೋನ್ ಮಾಡಿದೆ. "ಬ್ಯಾಟ್ ಬೀಸಿದ್ದು ನಾನೇ, ಒಪ್ತೀನಿ. ಆದ್ರೆ ಭಾವ ನೋಡಿಯೇ ಮದುವೆ ಆಗಿದ್ದಲ್ವೇನಕ್ಕ?"

"ಆಗ ಇವಳು ಬಾಯೇ ಬಿಟ್ಟಿರಲಿಲ್ಲ," ಎಂದರು ಇವರು, ಪಕ್ಕದಿಂದ.

ಮಾರನೆಯ ದಿನ ಕ್ಲಿನಿಕ್ಕಿನ ಹುಡುಗಿ ಫಾರಂ ನನ್ನತ್ತ ತಿರುಗಿಸಿದಳು. "ವಿಮೆಯವರು ಕೊಡದಿದ್ರೆ ಹೊಣೆ ಯಾರದು ಅಂತ ಇಲ್ಲಿ ಬರೀಬೇಕು. ಯಜಮಾನ್ರ ಹೆಸರಾ, ಆಂಟಿ?"

"ಬಾಯಿ ನಂದು, ಬಟ್ಟೆ ಹೊಲಿದು ಕೂಡಿಟ್ಟ ದುಡ್ಡೂ ನಂದೇ," ಎಂದು ನನ್ನ ಹೆಸರು ಬರೆದೆ.

ಹಲ್ಲು ಕೂರಿಸಿಕೊಂಡು ಬಂದ ದಿನ, ಊಟಕ್ಕೆ ಕೂತಾಗ ಇವರು ಕೇಳಿದರು. "ಕೊನೆಗೆ ಯಾರ ಹೊಣೆ ಅಂತಾಯ್ತು?"

ನನಗೆ ನಗು ಬಂತು. ಕೈ ಎಂದಿನಂತೆ ಬಾಯಿಯವರೆಗೆ ಹೋಗಿ, ಅಲ್ಲಿ ಕೆಲಸವಿಲ್ಲದೆ ತಟ್ಟೆಗೆ ವಾಪಸ್ಸು ಬಂತು.