ಪಕ್ಕದ ಸ್ಟೂಲಿನಲ್ಲಿ ಕೂತ ಅಪ್ಪ

ಓದು ಮುಗಿಸಿದ ಮಕ್ಕಳು ಮನೆಯಲ್ಲಿ ಕೂತಿದ್ದಾರೆ, ಕೆಲಸ ಸಿಕ್ಕಿಲ್ಲ. ಈ ಚಿಂತೆ ಇಲ್ಲದ ಮನೆ ನಮ್ಮ ಕೇರಿಗಳಲ್ಲಿ ಎಷ್ಟಿವೆ ಹೇಳಿ? ಭದ್ರಾವತಿ ಕಾಗದನಗರದ ಗೋವಿಂದಯ್ಯನವರ ಮನೆಯೂ ಅಂಥದ್ದೇ. ಮಗಳು ದಿವ್ಯಶ್ರೀ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ ವರ್ಷವಾಗಿತ್ತು. ಹಾಕಿದ ಅರ್ಜಿಗಳಿಗೆ ಉತ್ತರವೇ ಇರಲಿಲ್ಲ. ಕೊನೆಗೊಂದು ದಿನ ಶಿವಮೊಗ್ಗದ ಒಂದು ಕಂಪನಿಯಿಂದ ಮೇಲ್ ಬಂತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಂಟರ್‌ವ್ಯೂ, ವೀಡಿಯೊ ಕಾಲ್‌ನಲ್ಲಿ. ಆಯ್ಕೆಯಾದರೆ ವಾರಕ್ಕೆ ಎರಡು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಮನೆಯಲ್ಲಿ ಹಬ್ಬದ ಸಡಗರ.

ಗೋವಿಂದಯ್ಯನವರ ಬಗ್ಗೆ ಒಂದು ವಿಷಯ ಹೇಳಲೇಬೇಕು. ಊರಿನ ಕಾಗದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅವರು ಅಲ್ಲಿನ ಕಾರ್ಮಿಕರ ಮುಖಂಡರು. ಯಾರಾದರೂ ಪಾಳಿಗೆ ತಡವಾಗಿ ಬಂದೋ, ಮೇಲಿನವರ ಜೊತೆ ಜಗಳ ಮಾಡಿಕೊಂಡೋ ನೋಟಿಸ್ ತಗೊಂಡರೆ ಸಾಹೇಬರ ಮುಂದೆ ವಿಚಾರಣೆಗೆ ಹೋಗಬೇಕಿತ್ತು. ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆದೊಯ್ಯಬಹುದಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಗೋವಿಂದಯ್ಯನವರನ್ನೇ. ಅವರು ಪಕ್ಕದಲ್ಲಿ ಕೂತು, ತಡವರಿಸುವವನ ಪರವಾಗಿ ತಾವೇ ಮಾತಾಡಿ, ಅವನ ಕೆಲಸ ಉಳಿಸಿಕೊಂಡು ಬರುತ್ತಿದ್ದರು. ಕಾರ್ಖಾನೆ ನಿಂತರೂ ಆ ಹೆಮ್ಮೆ ಮಾತ್ರ ನಿಂತಿರಲಿಲ್ಲ.

ಹಿಂದಿನ ಸಾಲಿನ ಕ್ವಾರ್ಟರ್ಸಿನ ಅಕ್ಷಯಾ ಕೊರೊನಾ ಕಾಲದಿಂದಲೂ ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ಸೋಮವಾರ ಸಂಜೆ ಬಂದವಳು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು.

"ಕಿಟಕಿಗೆ ಬೆನ್ನು ಹಾಕಿ ಕೂರಬೇಡ ಕಣೆ, ಮುಖ ಕಪ್ಪಾಗಿ ಕಾಣುತ್ತೆ. ಬೆಳಕು ಎದುರಿಂದ ಬರ್ಲಿ. ಫೋನ್ ಕೈಲಿ ಹಿಡ್ಕೋಬೇಡ, ಪುಸ್ತಕ ಜೋಡಿಸಿ ಕಣ್ಣಿನ ಮಟ್ಟಕ್ಕೆ ಇಡು. ಫುಲ್ ಚಾರ್ಜ್ ಇರ್ಲಿ. ನೆಟ್ ಕೈಕೊಟ್ರೆ ಅಪ್ಪನ ಫೋನಿಂದ ಹಾಟ್‌ಸ್ಪಾಟ್ ತಗೋ."

"ಮಿಕ್ಸಿ ನಾನು ಮುಟ್ಟೋದೇ ಇಲ್ಲ ಬಿಡು," ಎಂದರು ತಾಯಿ ದುರ್ಗಮ್ಮ.

ಗೋವಿಂದಯ್ಯನವರಿಗೆ ನಗು. "ಅಲ್ಲ ಮಾರಾಯ್ತಿ, ಮನೇಲಿ ಕೂತು ಮಾತಾಡೋದಕ್ಕೆ ಇಷ್ಟೆಲ್ಲಾ ಯಾಕೆ? ಬಸ್ ಹತ್ತಬೇಕಾಗಿಲ್ಲ, ಸಾಲಲ್ಲಿ ಕಾಯಬೇಕಾಗಿಲ್ಲ."

"ಇದಕ್ಕೇ ಜಾಸ್ತಿ ತಯಾರಿ ಬೇಕು ಅಂಕಲ್. ಆಫೀಸಿಗೆ ಹೋದ್ರೆ ಬೆಳಕು, ಕುರ್ಚಿ, ಗಲಾಟೆ ಎಲ್ಲ ಅವ್ರು ನೋಡ್ಕೋತಾರೆ. ಇಲ್ಲಿ ನಾವೇ ನೋಡ್ಕೋಬೇಕು. ಇನ್ನೊಂದು, ರೂಮಲ್ಲಿ ಇವಳೊಬ್ಬಳೇ ಇರ್ಬೇಕು. ಯಾರೋ ಹೇಳಿಕೊಡ್ತಿದ್ದಾರೆ ಅಂತ ಅನುಮಾನ ಬಂತೋ, ಮುಗೀತು."

"ಹೂಂ, ಹೂಂ," ಎಂದರು ಗೋವಿಂದಯ್ಯ. ಆ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಾಳೆ ಸಂಜೆ ಆರಕ್ಕೆ ನಮ್ಮನೆಯಿಂದ ವೀಡಿಯೊ ಕಾಲ್ ಮಾಡ್ತೀನಿ," ಎಂದಳು ಅಕ್ಷಯಾ ಗೆಳತಿಗೆ. "ನಾನೇ ಕಂಪನಿಯವಳು ಅಂದ್ಕೊಂಡು ಉತ್ತರ ಹೇಳು. ಒಂದ್ಸಲ ಬಾಯಿಬಿಟ್ಟು ಹೇಳಿದ್ರೆ ಅರ್ಧ ಭಯ ಹೋಗುತ್ತೆ."

ಆ ಅಭ್ಯಾಸ ನಡೆಯಲೇ ಇಲ್ಲ. ಮಂಗಳವಾರ ಮಧ್ಯಾಹ್ನ ಗೋವಿಂದಯ್ಯ ಮಗಳನ್ನು ಶಿವಮೊಗ್ಗದ ಗಾಂಧಿಬಜಾರಿಗೆ ಹೊರಡಿಸಿದರು, ಹೊಸ ಚೂಡಿದಾರ ಕೊಡಿಸಲು. "ಅಪ್ಪಾ, ಆರಕ್ಕೆ ಅಕ್ಷಯಾ ಫೋನ್ ಮಾಡ್ತಾಳೆ," ಎಂದಳು ಮಗಳು. "ಅವಳೆಲ್ಲಿ ಓಡಿಹೋಗ್ತಾಳೆ? ಮೊದ್ಲು ಒಳ್ಳೇ ಬಟ್ಟೆ ಇರ್ಲಿ," ಎಂದರು ಅಪ್ಪ. ನಾಲ್ಕು ಅಂಗಡಿ ಸುತ್ತಿ, ಬಸ್ ಹಿಡಿದು ಮನೆ ಸೇರುವಾಗ ಎಂಟು ಗಂಟೆ. ದಿವ್ಯಶ್ರೀ ಸುಸ್ತಾಗಿ ಊಟ ಮಾಡಿ ಮಲಗಿಬಿಟ್ಟಳು.

ಬುಧವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಗೋವಿಂದಯ್ಯ ಅಡುಗೆಮನೆಯ ಸ್ಟೂಲು ತಂದು ಮಗಳ ಪಕ್ಕ ಹಾಕಿಕೊಂಡರು.

"ಅಪ್ಪಾ, ನೀವು ಹೊರಗಿರಿ. ಅಕ್ಷಯಾ ಹೇಳಿದ್ಲಲ್ಲ."

"ನಾನು ಫೋನಿಗೆ ಕಾಣಲ್ಲ ಬಿಡಮ್ಮ. ಧೈರ್ಯಕ್ಕೆ ಒಬ್ರು ಬೇಡ್ವಾ?"

ಮಗಳಿಗೆ ಅಪ್ಪನನ್ನು ಎಬ್ಬಿಸುವ ಧೈರ್ಯವಾಗಲಿಲ್ಲ. ಕಾಲ್ ಬಂತು. ತೆರೆಯ ಮೇಲೆ ಒಬ್ಬ ಹೆಂಗಸು ನಗುಮುಖದಿಂದ ಮಾತಾಡಿಸಿದರು. ಮೊದಲ ಎರಡು ಪ್ರಶ್ನೆಗೆ ದಿವ್ಯಶ್ರೀ ಚೆನ್ನಾಗಿಯೇ ಉತ್ತರಿಸಿದಳು. ಮೂರನೆಯದು ಬಂತು.

"ನೀವು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಿ. ಅದನ್ನ ಹೇಗೆ ಸರಿಮಾಡಿದ್ರಿ?"

ದಿವ್ಯಶ್ರೀ ಸುಮ್ಮನಾದಳು. ಐದು ಸೆಕೆಂಡ್ ಇರಬಹುದು. ಗೋವಿಂದಯ್ಯನವರಿಗೆ ಅದು ಐದು ನಿಮಿಷದಂತೆ ಕಂಡಿತು. ಮೇಲಿನವರ ಮುಂದೆ ಬಾಯಿ ಕಟ್ಟಿದವನ ಗತಿ ಏನು ಎಂದು ಅವರು ಬೇಕಾದಷ್ಟು ನೋಡಿದ್ದರು. ತಡೆಯಲಾಗಲಿಲ್ಲ.

"ತಪ್ಪೇ ಮಾಡಿಲ್ಲ ಅನ್ನು," ಎಂದು ಪಿಸುಗುಟ್ಟಿದರು.

ಮಗಳ ಕಣ್ಣು ಪಕ್ಕಕ್ಕೆ ಹೊರಳಿತು. ಆ ಹೆಂಗಸಿನ ನಗು ಮಾಯವಾಯಿತು.

"ರೂಮಲ್ಲಿ ಬೇರೆ ಯಾರಾದ್ರೂ ಇದ್ದಾರಾ ದಿವ್ಯಶ್ರೀ?"

"ಇಲ್ಲ ಮೇಡಂ," ಎಂದುಬಿಟ್ಟಳು ಹುಡುಗಿ, ಗಾಬರಿಯಲ್ಲಿ.

ಗೋವಿಂದಯ್ಯ ಎದ್ದು ನಿಂತರು. ಕೈ ಮುಗಿದು ಫೋನಿನ ಮುಂದೆ ಬಂದರು. "ತಪ್ಪು ತಿಳ್ಕೋಬೇಡಿ ಮೇಡಂ, ನಾನು ಅವಳ ತಂದೆ. ಹುಡುಗಿ ಬಹಳ ಬುದ್ಧಿವಂತೆ, ಸ್ವಲ್ಪ ಹೆದರಿಕೊಂಡಿದ್ದಾಳೆ ಅಷ್ಟೇ. ಒಂದು ಅವಕಾಶ ಕೊಟ್ಟು ನೋಡಿ, ನಿಮ್ಮ ನಂಬಿಕೆ ಉಳಿಸಿಕೊಳ್ತಾಳೆ." ಹೀಗೆ ಎರಡು ನಿಮಿಷ ಮಾತಾಡಿದರು. ಒಂದು ಮಾತೂ ತಡವರಿಸಲಿಲ್ಲ.

ಆ ಹೆಂಗಸು ಪೂರ್ತಿ ಕೇಳಿಸಿಕೊಂಡರು. "ಸರಿ ಸರ್. ನಮಗೆ ದಿವ್ಯಶ್ರೀ ಅವರ ಮಾತು ಕೇಳ್ಬೇಕಿತ್ತು," ಎಂದು ನಮಸ್ಕಾರ ಹೇಳಿ ಕಾಲ್ ಮುಗಿಸಿದರು.

ಶುಕ್ರವಾರ ಮೇಲ್ ಬಂತು. ಕೆಲಸ ಇಲ್ಲ.

ದಿವ್ಯಶ್ರೀ ಅಳಲಿಲ್ಲ, ಕೂಗಾಡಲಿಲ್ಲ. ಅದೇ ಗೋವಿಂದಯ್ಯನವರಿಗೆ ಇನ್ನಷ್ಟು ಕಷ್ಟವಾಯಿತು. ಎರಡು ದಿನ ಬಿಟ್ಟು, ಬಟ್ಟೆ ಮಡಚುತ್ತಿದ್ದ ಮಗಳ ಹತ್ತಿರ ಹೋಗಿ ಕೂತರು.

"ಅವತ್ತು ನಿಂಗೆ ಉತ್ತರ ಹೊಳೀಲಿಲ್ಲ ಅಲ್ವಾಮ್ಮ?"

"ಉತ್ತರ ಗೊತ್ತಿತ್ತು ಅಪ್ಪಾ. ಎಲ್ಲಿಂದ ಶುರು ಮಾಡ್ಲಿ ಅಂತ ಯೋಚಿಸ್ತಿದ್ದೆ, ಅಷ್ಟೇ."

"ಏನು ಹೇಳ್ಬೇಕು ಅಂತಿದ್ದೆ?"

ಅವಳು ಹೇಳಿದಳು. ಕೊರೊನಾ ವರ್ಷ, ಫೋನಿನಲ್ಲೇ ಪಾಠ ನಡೆಯುತ್ತಿದ್ದಾಗ, ಐದು ಜನರ ಪ್ರಾಜೆಕ್ಟನ್ನು ಕಳಿಸುವ ಹೊಣೆ ಅವಳದಾಗಿತ್ತು. ಅವಸರದಲ್ಲಿ ಅರ್ಧ ಮುಗಿದ ಹಳೆಯ ಪ್ರತಿ ಹೋಗಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಅವಳೇ ಗಮನಿಸಿ, ಮೇಷ್ಟರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡು, ನಾಲ್ವರಿಗೂ ತಿಳಿಸಿ, ಸರಿಯಾದದ್ದನ್ನು ಕಳಿಸಿದ್ದಳು. ಅಲ್ಲಿಂದಾಚೆಗೆ ಏನೇ ಕಳಿಸುವುದಿದ್ದರೂ ಎರಡು ಸಲ ತೆರೆದು ನೋಡುತ್ತಾಳಂತೆ.

ಗೋವಿಂದಯ್ಯ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಎಂಥ ಉತ್ತರ! ಅದನ್ನು ಕೇಳಿದ್ದರೆ ಯಾರು ಬೇಡ ಅನ್ನುತ್ತಿದ್ದರು?

"ದುರ್ಗಾ, ನೋಡಿದ್ಯಾ," ಎಂದರು ಹೆಂಡತಿಗೆ. "ವಿಚಾರಣೆಗೆ ಒಳಗೆ ಹೋಗೋ ಮುಂಚೆ ಒಬ್ಬೊಬ್ಬನ್ನೂ ಕೂರಿಸ್ಕೊಂಡು, ಏನಾಯ್ತು ಹೇಳಪ್ಪ ಅಂತ ಒಂದು ಗಂಟೆ ಕೇಳ್ತಿದ್ದೆ. ನನ್ನ ಮಗಳನ್ನ ಒಂದ್ಸಲಾನೂ ಕೇಳಲಿಲ್ಲ ಕಣೆ. ಅವಳ ಕೈಗೆ ಬಂದ ಕೆಲಸಾನ ನಾನೇ ಕಿತ್ಕೊಂಡೆ."

"ಬೇರೆ ಸಿಗುತ್ತೆ ಬಿಡ್ರಿ," ಎಂದರು ದುರ್ಗಮ್ಮ. ಆದರೆ ಅವರ ಧ್ವನಿಯೂ ಇಳಿದಿತ್ತು.

ಆರು ತಿಂಗಳಾಯಿತು. ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಈಗ ವಾರಕ್ಕೆರಡು ಸಂಜೆ ಅಕ್ಷಯಾ ವೀಡಿಯೊ ಕಾಲ್ ಮಾಡುತ್ತಾಳೆ. ಉಳಿದ ದಿನ ಗೋವಿಂದಯ್ಯನವರೇ ಕಾಗದದಲ್ಲಿ ಬರೆದುಕೊಂಡ ಪ್ರಶ್ನೆ ಓದುತ್ತಾರೆ. ಮಗಳು ಯೋಚಿಸಲು ನಿಂತರೆ ಬಾಯಿಗೆ ಟವೆಲ್ ಒತ್ತಿ ಹಿಡಿದು ಕಾಯುತ್ತಾರೆ. ಮುಂದಿನ ಸೋಮವಾರ ಇನ್ನೊಂದು ಇಂಟರ್‌ವ್ಯೂ ಇದೆ. ಅವತ್ತು ಅವರು ಗೇಟಿನ ಹತ್ತಿರ ನಿಂತು, ಬಂದವರನ್ನೆಲ್ಲ ಅಲ್ಲೇ ತಡೆಯುತ್ತಾರಂತೆ. ಆದರೂ ಶಿವಮೊಗ್ಗಕ್ಕೆ ಹೋದಾಗ ಆ ಕಂಪನಿಯ ಬೋರ್ಡು ಕಂಡರೆ ಮುಖ ಆಚೆ ತಿರುಗಿಸುತ್ತಾರೆ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಗೂ ಒಂದು ದಿನ ಇಂಥ ಕರೆ ಬರುತ್ತದೆ. ಹಿಂದಿನ ದಿನವೇ ಲಿಂಕ್, ನೆಟ್, ಚಾರ್ಜು, ಬೆಳಕು ನೋಡಿಸಿ. ಹೊಸ ಬಟ್ಟೆ ಇಲ್ಲದಿದ್ದರೂ ನಡೆಯುತ್ತದೆ, ಅಭ್ಯಾಸ ತಪ್ಪಿಸಬೇಡಿ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ಅವರು ಹೇಳುವುದನ್ನು ಕೊನೆಯವರೆಗೂ ಕೇಳಿ. ನಿಮಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಅವರ ಬಾಯಿಂದ ಬರುತ್ತದೆ. ಇಂಟರ್‌ವ್ಯೂ ಹೊತ್ತಿಗೆ ಮಾತ್ರ ಬಾಗಿಲು ಹಾಕಿಕೊಂಡು ಹೊರಗೆ ಬಂದುಬಿಡಿ. ಒಳಗೆ ಮಾತು ನಿಂತು ಸ್ವಲ್ಪ ಹೊತ್ತಾದರೂ ಬಾಗಿಲು ತೆರೆಯಬೇಡಿ. ನಿಮ್ಮ ಮಗು ಯೋಚಿಸುತ್ತಿದೆ.