ಕೆಳಗಿನ ನಲ್ಲಿ

—ಮತ್ತೆ ಆ ಕಿಣಿಕಿಣಿ, ಬಾಗಿಲ ಹೊರಗೆ ಗುಜರಿಯವನ ತಕ್ಕಡಿಯ ಸರಪಳಿ, ನೆಲಕ್ಕೆ ಇಡುತ್ತಾನೆ, ಎತ್ತುತ್ತಾನೆ, ಇಡುತ್ತಾನೆ, ಹಂಡೆ ಇನ್ನೂ ಒಲೆಯ ಮೇಲಿದೆ ಕಣಯ್ಯಾ, ಕಾದ ತಾಮ್ರವನ್ನು ತೊಡೆಯ ಮೇಲಿಟ್ಟುಕೊಂಡು ತೂಗುತ್ತೀಯಾ, ಕೂತಿರು ಸುಮ್ಮನೆ, ಎಂದು ಶೆಡ್ಡಿನೊಳಗೆ ಅವನು ಹಲ್ಲು ಕಚ್ಚಿ ಒಲೆಗೆ ಇನ್ನೊಂದು ಸೌದೆ ದೂಡಿದ. ಉರಿಯಲಿ. ಅಣ್ಣ ಹೇಳಿಯಾಗಿದೆ, ಇದೇ ಕಡೇ ಸಲ, ಇವತ್ತು ಎಣ್ಣೆ ಬಂದ್ರೆ ಹಂಡೆ ನಿಂದು, ಬರ್ಲಿಲ್ವಾ ಗುಜರಿಗೆ, ಆಮೇಲೆ ನನ್ ಹತ್ರ ಮಾತಾಡ್ಬೇಡ — ಮಾತಾಡುವವರು ಯಾರು, ಈ ಮನೆಯಲ್ಲಿ ತನ್ನ ಮಾತಿಗೆ ಕಿವಿ ಕೊಟ್ಟವರು ಯಾರಿದ್ದಾರೆ, ಅಪ್ಪನೊಬ್ಬ ಕೊಡುತ್ತಿದ್ದ, ಅಪ್ಪ ಇದ್ದಾಗ ಈ ಶೆಡ್ಡಿನ ಗೋಡೆಗಳೂ ನಿಂಬೆಹುಲ್ಲಿನ ವಾಸನೆ ಹೊಡೆಯುತ್ತಿದ್ದವು, ಹುಲ್ಲನ್ನು ಹಂಡೆಗೆ ತುರುಕು, ನೀರು ಕುದಿಸು, ಹಬೆ ಕೊಳವೆ ಹಿಡಿದು ಓಡಿ ತಣ್ಣೀರ ತೊಟ್ಟಿಯಲ್ಲಿ ಸುರುಳಿ ಸುತ್ತಿ ಹನಿಯಾಗಿ ಡಬ್ಬಕ್ಕೆ ಬೀಳಲಿ, ಡಬ್ಬದಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ, ಮೇಲಿನ ಮೂತಿಯಿಂದ ಎಣ್ಣೆ ಸೀಸೆಗೆ, ಕೆಳಗಿನ ನಲ್ಲಿಯಿಂದ ನೀರು ಮೋರಿಗೆ, ಅಷ್ಟೇ ಕಣೋ ಮಗಾ ಬಟ್ಟಿ ಇಳಿಸೋದು ಅಂದ್ರೆ, ಎಂದು ಅಪ್ಪ ಬೆವರೊರೆಸಿಕೊಂಡು ನಗುತ್ತಿದ್ದ. ಅಪ್ಪ ಹೋದ, ಹುಲ್ಲು ಬೆಳೆಯುತ್ತಿದ್ದ ಬಯಲಿನಲ್ಲಿ ಮನೆಗಳು ಎದ್ದವು, ಹಂಡೆಯೊಳಗೆ ಜೇಡ ಸಂಸಾರ ಹೂಡಿತು, ಅಣ್ಣ ವ್ಯಾನು ಓಡಿಸಲು ಹೋದ, ಇವನು ಮಸಾಲೆ ಗೋದಾಮಿನಲ್ಲಿ ಮೂಟೆ ಹೊತ್ತ, ಹೊತ್ತು ಹೊತ್ತು ಬೆನ್ನು ಹಲಗೆಯಾಯಿತು, ಅಲ್ಲಿ ಲವಂಗವನ್ನು ಜರಡಿ ಹಿಡಿಯುತ್ತಾರೆ, ಮೊಗ್ಗು ಮೇಲುಳಿಯುತ್ತದೆ, ತೊಟ್ಟು, ಪುಡಿ, ಧೂಳು ಕೆಳಗೆ ಉದುರುತ್ತದೆ, ಉದುರಿದ್ದನ್ನು ಗುಡಿಸಿ ಎಸೆಯುತ್ತಾರೆ, ಅದರ ಘಾಟಿಗೆ ಕಣ್ಣು ತುಂಬಿ ನಿಂತ ಒಂದು ಮಧ್ಯಾಹ್ನ ಹೊಳೆದದ್ದು, ಇಷ್ಟು ಘಾಟಿದ್ದ ಮೇಲೆ ಒಳಗೆ ಎಣ್ಣೆ ಇರಲೇಬೇಕಲ್ಲ. ಗುಡಿಸಿದ್ದನ್ನು ಹೊತ್ತು ತಂದು ಮೊದಲ ಸಲ ಇಳಿಸಿದಾಗ ಡಬ್ಬದ ತುಂಬ ಹಾಲಿನ ಪಾತ್ರೆ ತೊಳೆದಂಥ ಬಿಳಿ ನೀರು. ಎರಡನೇ ಸಲವೂ ಅದೇ. ಮೇಲೆ ಎಣ್ಣೆಯ ಪಸೆಯೂ ಇಲ್ಲ. ಲವಂಗದ ಕಷಾಯ ಕಾಯ್ಸಿ ಯಾರಿಗೆ ಕುಡಿಸ್ತೀಯೋ, ಎಂದ ಅಣ್ಣ; ಹಲ್ಲುನೋವಿನವರೆಲ್ಲ ಇವರ ಮೋರಿ ಮುಂದೆ ಬಾಯಿ ಕಳ್ಕೊಂಡು ನಿಂತ್ಕೊಳ್ಳಿ, ಎಂದು ಬೀದಿಯವರು ಮೂಗು ಮುಚ್ಚಿಕೊಂಡು ನಕ್ಕರು — ನಗಿ, ಹೊಟ್ಟೆ ಹಿಡಿದುಕೊಂಡು ನಗಿ, ಅವನಿಗೇನು ಹೊಸದೇ, ಶಾಲೆಯಲ್ಲಿ ಮೇಷ್ಟ್ರು ಕೆಸರುನೀರಿನ ಗ್ಲಾಸನ್ನು ಮೇಜಿನ ಮೇಲಿಟ್ಟು, ಅಲುಗಾಡಿಸದೆ ಬಿಟ್ರೆ ಮೇಲೆ ನಿಲ್ಲೋದು ತಿಳಿ, ಕೆಳಗೆ ಕೂರೋದು ಗಸಿ, ತಿಳಿನ ಬಗ್ಗಿಸ್ಕೊಳ್ಳೋದು, ಗಸಿನ ಚೆಲ್ಲೋದು, ತಿಳೀತಾ, ಎನ್ನುತ್ತ ತಿಳಿ ಎಂದಾಗ ಮುಂದಿನ ಬೆಂಚನ್ನು ನೋಡಿ ಗಸಿ ಎಂದಾಗ ಹಿಂದಿನ ಬೆಂಚಿಗೆ ಬೆರಳು ಮಾಡಿದ್ದರು, ಬೆರಳಿನ ತುದಿಗೆ ಸಿಕ್ಕವನು ಅವನು, ಅಂದಿನಿಂದ ಹೆಸರೇ ಗಸಿ, ಗಸಿ ಬಾರೋ, ಗಸಿ ಎಲ್ಲಿ ಹಾಳಾದ, ಅಣ್ಣನ ಬಾಯಲ್ಲೂ ಅದೇ. ಆ ಮೇಷ್ಟ್ರೇ ಎಣ್ಣೆ ನೀರು ಬೆರೆಯಲ್ಲ, ಎಣ್ಣೆ ಯಾವಾಗಲೂ ಮೇಲೆ ತೇಲುತ್ತೆ ಎಂದಾಗ ಅವನು ಎದ್ದು ನಿಂತು ಕೇಳಿದ್ದ, ಯಾವಾಗ್ಲೂನಾ ಸಾರ್, ಎಲ್ಲಾ ಎಣ್ಣೇನೂನಾ, ತುಂಟತನಕ್ಕಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದ, ಅಧಿಕಪ್ರಸಂಗಿ, ನಡಿ ಹೊರಗೆ, ಎಂದರು, ನಡೆದ, ನಡೆದವನು ತಿರುಗಿ ಆ ಮೆಟ್ಟಿಲು ಹತ್ತಲಿಲ್ಲ.

ಡಬ್ಬ ತುಂಬಿತು, ಮೇಲಿನ ಮೂತಿಯಲ್ಲಿ ಮತ್ತದೇ ಬಿಳಿ ನೀರು, ಅದೇ, ಅದೇ, ಹೊರಗೆ ಅಣ್ಣ ಗುಜರಿಯವನಿಗೆ ಇನ್ನೇನು ಆಯ್ತು ಎನ್ನುತ್ತಿದ್ದಾನೆ, ನೀರು ಬಿಡಬೇಕು, ಇಲ್ಲದಿದ್ದರೆ ಉಕ್ಕುತ್ತದೆ, ಬಗ್ಗಿ ಕೆಳಗಿನ ನಲ್ಲಿಗೆ ಕೈ ಹಾಕಿದ, ಹಳೇ ನಲ್ಲಿ, ಸೋರುತ್ತದೆ, ಬೆರಳು ಒದ್ದೆ, ಬೆವರು ಮೀಸೆಗೆ ಇಳಿಯುತ್ತಿದೆ, ಅದೇ ಬೆರಳಲ್ಲಿ ಒರೆಸಿಕೊಂಡ — ತುಟಿ ಉರಿಯಿತು, ಉರಿದು, ಆಮೇಲೆ ತುಟಿಯೇ ಇಲ್ಲ. ಯಾರೋ ಬಿಚ್ಚಿ ಪಕ್ಕಕ್ಕಿಟ್ಟ ಹಾಗೆ. ಬೆರಳಿಗೆ ಬೆರಳು ಉಜ್ಜಿದ, ಜಾರುತ್ತದೆ. ಅತ್ತಿಗೆ. ಅತ್ತಿಗೆ ಮೊನ್ನೆ ಏನೆಂದಳು, ಮೋರಿಯ ರಬ್ಬರು ಪೈಪು ಕಿತ್ತುಬಂದು ನಲ್ಲಿಯ ನೀರು ಬಕೆಟ್ಟಿಗೆ ಬಿದ್ದಿತ್ತಲ್ಲ, ವಾಸನೆ ಚೆನ್ನಾಗಿದೆ ಎಂದು ಅದರಲ್ಲೇ ನೆಲ ಒರೆಸಿ ಜಾರಿಬಿದ್ದು, ಒದ್ದೆ ಕೈಯಲ್ಲೇ ಬಾಯಿ ಒರೆಸಿಕೊಂಡು, ಏನ್ ಬೆರೆಸಿದ್ದೀಯಪ್ಪಾ ನೀರಿಗೆ, ನೆಲ ನಿಲ್ಲಕ್ಕೆ ಬಿಡಲ್ಲ, ತುಟಿ ಜೋಮು ಹಿಡಿದಿದೆ, ನಿಮ್ಮಣ್ಣನ್ನ ಬೈಯೋಣ ಅಂದ್ರೆ ಬಾಯೇ ತಿರುಗ್ತಿಲ್ಲ, ಎಂದಿದ್ದಳು, ಎಲ್ಲರೂ ನಕ್ಕಿದ್ದರು, ಅವನೂ ಎಮ್ಮೆಯ ಹಾಗೆ ನಿಂತು ನಕ್ಕಿದ್ದ. ಮೇಲಲ್ಲ. ಕೆಳಗೆ. ಈ ಎಣ್ಣೆ ತೇಲುವ ಜಾತಿಯದಲ್ಲ, ನೀರಿಗಿಂತ ಭಾರ, ಡಬ್ಬದ ತಳ ಹಿಡಿದು ಕೂತಿದೆ, ಮೊದಲ ಸಲವೂ ಕೂತಿತ್ತು, ಎರಡನೇ ಸಲವೂ ಕೂತಿತ್ತು, ಅವನೇ ತನ್ನ ಕೈಯಾರೆ ಮೋರಿಗೆ ಬಿಟ್ಟು ಮೇಲೆ ಹುಡುಕುತ್ತಿದ್ದ, ಅಪ್ಪನ ಕೈ ಹಾಗೆ ಮಾಡುತ್ತಿತ್ತು, ಇವನ ಕೈಯೂ ಮಾಡಿತು, ಬೀದಿಯವರ ಹಾಸ್ಯ ಖರೆ, ಆ ಮೋರಿಯ ಮುಂದೆ ಬಾಯಿ ಕಳೆದು ನಿಂತಿದ್ದರೆ ಎಲ್ಲರ ಹಲ್ಲೂ ತಣ್ಣಗಾಗುತ್ತಿದ್ದವು. ಶಾಲೆ ಬಿಟ್ಟ, ಮೇಷ್ಟ್ರನ್ನು ಬಿಟ್ಟ, ಪುಸ್ತಕ ಬಿಟ್ಟ, ಯಾವಾಗಲೂ ಮೇಲೆ ಎಂಬ ಆ ಒಂದು ಮಾತನ್ನು ಮಾತ್ರ ಭದ್ರವಾಗಿ ಎದೆಗವುಚಿಕೊಂಡು ಬಂದ, ಕೇಳಿದ ಪ್ರಶ್ನೆ ತನ್ನದು, ನಂಬಿ ಕೂತ ಉತ್ತರ ಅವರದು, ಥೂ ನಿನ್ನ, ಎಂದು ತನಗೆ ತಾನೇ ಉಗಿದುಕೊಂಡ, ಸಿಟ್ಟು ನೆತ್ತಿಗೇರಿತು, ಏರಿ ಅಲ್ಲಿ ಜಾಗ ಸಾಲದೆ ನಗುವಾಗಿ ಇಳಿಯಿತು, ನಗುತ್ತಲೇ ಅಡುಗೆಮನೆಗೆ ಓಡಿದ, ಕಣ್ಣಿಗೆ ಕಾಣಬೇಕು, ಗಾಜು ಬೇಕು, ಸಕ್ಕರೆಯ ಭರಣಿಯನ್ನು ನಿಂತಲ್ಲೇ ಬೋರಲು ಹಾಕಿ ಒಂದೇಟಿಗೆ ತೊಳೆದ, ಸಕ್ಕರೆ ಪೂರ್ತಿ ನೆಲಕ್ಕೆ ಹೋಯ್ತಲ್ಲೋ, ಎಂದು ಅತ್ತಿಗೆ ಸೌಟು ಎತ್ತಿದಳು, ನೆಲದಲ್ಲಿರಲಿ ಅತ್ತಿಗೆ, ನಿಮ್ಮ ತುಟಿ ನನ್ನ ಉಳಿಸ್ತು, ಬನ್ನಿ, ಬನ್ನಿ, ಸೌಟೂ ತನ್ನಿ. ಶೆಡ್ಡಿನಲ್ಲಿ ಗುಜರಿಯವನು ಆಗಲೇ ಹಂಡೆಯ ಕಿವಿಗೆ ಹಗ್ಗ ಹಾಕುತ್ತಿದ್ದಾನೆ, ಬೆಂಕಿ ಆರ್ಸೋ, ಅವರಿಗೂ ಕೆಲ್ಸ ಇದೆ, ಎನ್ನುತ್ತಾನೆ ಅಣ್ಣ, ಅವನು ಇಬ್ಬರ ನಡುವೆ ನುಗ್ಗಿ ಮಂಡಿಯೂರಿ ಭರಣಿಯನ್ನು ಕೆಳಗಿನ ನಲ್ಲಿಗೆ ಒಡ್ಡಿ ಮೆಲ್ಲಗೆ, ಎಷ್ಟು ಮೆಲ್ಲಗೆ ಎಂದರೆ ಮಲಗಿದ ಮಗುವಿನ ಮುಷ್ಟಿ ಬಿಡಿಸುವ ಹಾಗೆ, ತಿರುಗಿಸಿದ, ಬಂತು, ನೀರಿನ ಹಾಗೆ ಚಿಮ್ಮಲಿಲ್ಲ, ದಪ್ಪಗೆ, ಸೋಮಾರಿಯಾಗಿ, ಹಳದಿ ಎಳೆಯಾಗಿ ಇಳಿಯಿತು, ಮುಗಿಯುವುದೇ ಇಲ್ಲ, ಎಳೆ ತೆಳುವಾಗಿ ಬಿಳಿ ನೀರು ಇಣುಕಿದ ತಕ್ಷಣ ನಲ್ಲಿ ಮುಚ್ಚಿದ, ಅಷ್ಟರೊಳಗೆ ನುಸುಳಿದ ನೀರು ಭರಣಿಯಲ್ಲಿ ಮೇಲಕ್ಕೆ ಸರಿದು ನಿಂತಿತು, ಹಳದಿ ಕೆಳಗೆ, ಯಜಮಾನನ ಹಾಗೆ ಕೆಳಗೆ. ಇದೇನೋ, ಎಂದ ಅಣ್ಣ. ಎಣ್ಣೆ. ಎಣ್ಣೆ ಆದ್ರೆ ಯಾಕೋ ಮುಳುಗ್ತು. ಅದರಿಷ್ಟ ಕಣಣ್ಣ, ನಾವು ಕೇಳಿರ್ಲಿಲ್ಲ ಅಷ್ಟೇ. ಅಣ್ಣ ನಂಬುವ ಪೈಕಿಯಲ್ಲ, ಅತ್ತಿಗೆಯ ಸೌಟಿನ ತುದಿ ತಳಕ್ಕೆ ಅದ್ದಿ ನಾಲಿಗೆಗೆ ಇಟ್ಟುಕೊಂಡ, ಕಣ್ಣು ಅಗಲವಾಯಿತು, ಬಾಯಿ ತೆರೆದ, ಮುಚ್ಚಿದ, ಏನೋ ಬೈಯಲು ಹೊರಟು ಮಾತು ತೊದಲಿತು, ಅತ್ತಿಗೆ ಸೆರಗು ಬಾಯಿಗಿಟ್ಟು ನಗುತ್ತಾಳೆ, ಇವತ್ತೊಂದಿನ ಮನೆ ನಿಶ್ಶಬ್ದ ಬಿಡು, ಎನ್ನುತ್ತಾಳೆ, ಅಣ್ಣ ಕೈಸನ್ನೆಯಲ್ಲೇ ಗುಜರಿಯವನಿಗೆ ಹಗ್ಗ ಬಿಚ್ಚು ಎಂದ, ಆಮೇಲೆ ಮರಗಟ್ಟಿದ ನಾಲಿಗೆಯನ್ನು ಒಂದೊಂದೇ ಅಕ್ಷರಕ್ಕೆ ದಬ್ಬುತ್ತ, ಲೋ, ಬೆಂಕಿ, ಆರಿಸ್ಬೇಡ, ಎಂದು ತಾನೇ ಸೌದೆ ಎತ್ತಿ ಒಲೆಗೆ ಇಟ್ಟ, ಅಣ್ಣ, ವ್ಯಾನಿನ ಸ್ಟೇರಿಂಗ್ ಬಿಟ್ಟು ಬೇರೇನೂ ಮುಟ್ಟದ ಅಣ್ಣ, ಮಸಿಗೆ ಕೈ ಹಾಕಿದ, ಗೆದ್ದೆ, ಗೆದ್ದೆ ಎಂದು ಕೂಗಬೇಕು, ಬೀದಿಗೆ ಬೀದಿಯೇ ಕೇಳುವ ಹಾಗೆ, ಆ ಶಾಲೆಯ ಕಿಟಕಿಗೆ ಕೇಳುವ ಹಾಗೆ, ಆದರೆ ತುಟಿ ಇಲ್ಲ, ತುಟಿ ಇನ್ನೂ ಬಂದಿಲ್ಲ, ಡಬ್ಬವನ್ನು ಪಕ್ಕಕ್ಕೆ ಸರಿಸಿ ಭರಣಿಯನ್ನೇ ಕೊಳವೆಯ ಬಾಯಿಗೆ ಇಟ್ಟ, ಗಾಜಿಗೆ ಮೂಗು ತಾಗಿಸಿ ಕೂತ, ನಾಳೆ ಗೋದಾಮಿನ ತೊಟ್ಟು ಅಷ್ಟನ್ನೂ, ನಾಡಿದ್ದು, ಎಣ್ಣೆ ಮಾರಲು ಸೋಪು ಮಾಡುವವನ ಹತ್ತಿರ, ಅಪ್ಪ ಇದ್ದಿದ್ದರೆ — ಹನಿ ಬಿತ್ತು, ಮಬ್ಬು ನೀರು ನಡುಗಿತು, ಅದರೊಳಗಿಂದ ಒಂದು ಹಳದಿ ಮಣಿ ಬಿಡಿಸಿಕೊಂಡು ಇಳಿಯಿತು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ, ಬೆವರೊರೆಸಿಕೊಂಡು — ಇನ್ನೊಂದು ಹನಿ, ಹಳದಿ ಮಣಿ, ಅವಸರವಿಲ್ಲ, ಇಳಿಯುತ್ತದೆ. ಮೇಷ್ಟ್ರಿಗೆ — ಹಳದಿ ಮಣಿ. ಅಣ್ಣ ಏನೋ ಕೇಳುತ್ತಿದ್ದಾನೆ — ಮಣಿ, ದುಂಡಗೆ, ಬೆಂಕಿಯ ಬೆಳಕನ್ನು ಹೊಟ್ಟೆಯಲ್ಲಿಟ್ಟುಕೊಂಡು, ಇಳಿಯುತ್ತಿದೆ, ಇಳಿಯುತ್ತಿದೆ, ಹಳದಿ ಮಣಿ