ಮುಗಿಯದಿರಲೆಂದು ಆಡಿದ ಆಟ

"ಆಟ ಮುಗಿಯೋವರೆಗೂ ಎದ್ದು ಹೋಗಲ್ಲ ಕಣಪ್ಪಾ," ಎಂದು ಆರು ವರ್ಷದವಳಾಗಿದ್ದಾಗ ಮಗಳು ದರ್ಜಿ ಅಪ್ಪನಿಗೆ ಮಾತು ಕೊಟ್ಟಿದ್ದಳು.

ಇಂದು ಅವಳು ಅವನನ್ನು ಬಿಟ್ಟುಹೋಗಿದ್ದ ತಾಯಿಯ ಜೊತೆ ಬೇರೆ ಊರಿಗೆ ಹೊರಟಿದ್ದಳು. ಹೊಲಿಗೆ ಮೇಜಿನ ಮೇಲಿನ ಚದುರಂಗದಲ್ಲಿ ಅವಳ ರಾಣಿ, ಕುದುರೆ, ಆನೆ ಮೂರೂ ಅವನ ರಾಜನ ಮೇಲೆ ಮುಗಿಬಿದ್ದಿದ್ದವು. ಸೋಲು ಕಟ್ಟಿಟ್ಟ ಬುತ್ತಿ ಎಂದು ಅವನಿಗೂ ಗೊತ್ತಿತ್ತು. ಆದರೆ ಸೋತರೆ ಅವಳು ಏಳುತ್ತಾಳೆ. ಅದಕ್ಕೇ ಒಂಟೆಯನ್ನು ಅಡ್ಡ ಕೊಟ್ಟ, ಆಮೇಲೆ ಆನೆಯನ್ನೂ ಕೊಟ್ಟ.

"ಸೋತೆ ಅನ್ನಪ್ಪಾ! ಎಷ್ಟು ಎಳೀತೀಯ, ಇದೇನು ಲಂಗದ ಎಲಾಸ್ಟಿಕ್ಕಾ?"

"ಇನ್ನೂ ಉಸಿರಿದೆಯಮ್ಮಾ ನನ್ ರಾಜನಿಗೆ."

ಅವನು ರಾಜನನ್ನು ಮೂಲೆಗೆ ಸರಿಸಿದ. ಗೆಲ್ಲಲು ಇನ್ನೂ ಮೂರು ನಡೆಯಾದರೂ ಬೇಕಿತ್ತು ಅವಳಿಗೆ. ಅಷ್ಟರಲ್ಲಿ ಕೆಳಗೆ ತಾಯಿಯ ಕಾರು ಹಾರ್ನ್ ಹೊಡೆಯಿತು. ಮಗಳು ಎತ್ತಿದ ಕುದುರೆಯನ್ನು ಅದರ ಮನೆಯಲ್ಲೇ ಇಟ್ಟು, ಅಪ್ಪನ ಮುಖ ನೋಡದೆ ಚೀಲ ಹೆಗಲಿಗೇರಿಸಿದಳು.

ಆಟ ಮುಗಿಯುವ ಮೊದಲೇ ಅವಳು ಎದ್ದು ಹೋದಳು.